ಜನ ಕಮ್ಮಿ ಇರೋ ಕಡಲತೀರ: ವಾರ ಇದ್ದು ಬರೋದಕ್ಕಷ್ಟೇ ಚೆಂದವಾ?

ಮರಳಕಾಲು (ಚರ್ಚೆ ಶುರು ಮಾಡಿದವರು)

ಮೊನ್ನೆ ಒಂಬತ್ತು ದಿನ ಸಮುದ್ರದ ಪಕ್ಕ ಇದ್ದು ಬಂದೆ. ಹೆಸರಾದ ಬೀಚ್ ಅಲ್ಲ. ರಸ್ತೆ ಮುಗಿದಲ್ಲಿ ಏಳೆಂಟು ಮನೆ, ಆಮೇಲೆ ಮರಳು, ಆಮೇಲೆ ನೀರು. ಮೊದಲ ಎರಡು ದಿನ, ನಿಜ ಹೇಳಬೇಕಂದ್ರೆ, ಬೇಜಾರಾಯ್ತು. ನೋಡಿದ್ದನ್ನೇ ಎಷ್ಟು ಅಂತ ನೋಡೋದು?

ಮೂರನೇ ದಿನ ಬೆಳಿಗ್ಗೆ ನೀರು ದೂರ ಇಳಿದಿತ್ತು. ಒದ್ದೆ ಮರಳಿನ ಮೇಲೆ ಮಣಿಯಂಥ ಮರಳುಗುಂಡುಗಳು, ನೂರಾರು. ಒಂದು ಸಣ್ಣ ತೂತಿನ ಸುತ್ತ ಕಿರಣ ಬಿಡಿಸಿದ ಹಾಗೆ ಸಾಲಾಗಿ ಬಿದ್ದಿದ್ದವು. ಕುಕ್ಕರಗಾಲಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಉಗುರಿನಷ್ಟು ಏಡಿಯೊಂದು ಹೊರಗೆ ಬಂತು. ಮರಳನ್ನ ಬಾಯಿಗೆ ತುಂಬಿಕೊಳ್ಳೋದು, ಅದರಲ್ಲಿ ತಿನ್ನೋಕೆ ಸಿಕ್ಕಿದ್ದನ್ನ ಸೋಸಿಕೊಳ್ಳೋದು, ಉಳಿದದ್ದನ್ನ ಗುಂಡು ಮಾಡಿ ಕಾಲಿನ ಕೆಳಗಿಂದ ಹಿಂದಕ್ಕೆ ತಳ್ಳೋದು. ನಾನು ಒಂಚೂರು ಅಲ್ಲಾಡಿದ್ರೆ ತೂತಿಗೆ ಹಾರಿ ಮಾಯ. ಸುಮ್ಮನಿದ್ರೆ ಮತ್ತೆ ಹಾಜರ್. ಎಷ್ಟು ಹೊತ್ತು ಹಾಗೆ ಕೂತಿದ್ನೋ, ಬೆನ್ನು ಚುರುಗುಟ್ಟಿದ ಮೇಲೇ ಗೊತ್ತಾಗಿದ್ದು. ಮಧ್ಯಾಹ್ನ ನೀರು ಏರಿ ಅದಷ್ಟನ್ನೂ ಒರೆಸಿಬಿಡ್ತು. ಮರುದಿನ ಅದೇ ಹೊತ್ತಿಗೆ ಓಡಿ ಹೋದ್ರೆ ನೀರು ಇನ್ನೂ ಪೂರ್ತಿ ಇಳಿದಿರಲಿಲ್ಲ, ಮುಕ್ಕಾಲು ಗಂಟೆ ಕಾಯಬೇಕಾಯ್ತು.

ನಾನು ಯಾವುದಕ್ಕೂ ಮುಕ್ಕಾಲು ಗಂಟೆ ಕಾಯೋ ಮನುಷ್ಯ ಅಲ್ಲ. ಲಿಫ್ಟ್ ತಡವಾದ್ರೆ ಮೆಟ್ಟಿಲು ಹತ್ತೋನು. ಅಲ್ಲಿ ಕಾದೆ, ಕಾದದ್ದು ಕಾಯೋದು ಅಂತಲೂ ಅನ್ನಿಸಲಿಲ್ಲ.

ಕೆಲಸ ಈಗ ಮನೆಯಿಂದಲೇ. ಹೋಗಿ ಅಲ್ಲೇ ನೆಲೆಸಿಬಿಡೋಣ ಅನ್ನಿಸ್ತಿದೆ. ಇದು ರಜೆಯ ಗುಂಗಾ, ಇಲ್ಲ ನಿಜಕ್ಕೂ ಉಳಿಯೋ ಥರದ್ದಾ? ಅಲ್ಲೇ ಇರೋರು, ಇದ್ದು ಬಂದೋರು ಸ್ವಲ್ಪ ಹೇಳಿ. ಸುಣ್ಣ ಬಣ್ಣ ಹಚ್ಚದೆ ಹೇಳಿದ್ರೆ ಉಪಕಾರ.

ಉಪ್ಪುಗಾಳಿ

ತೀರದಿಂದ ಇನ್ನೂರು ಹೆಜ್ಜೆ ದೂರದ ಮನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ನಿಮ್ಮ ಮುಕ್ಕಾಲು ಗಂಟೆಯ ಕಥೆ ಓದಿ ಖುಷಿಯಾಯ್ತು, ಯಾಕಂದ್ರೆ ಅದು ಸರಿಯಾದ ಲೆಕ್ಕ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗ್ತಾ ಇರುತ್ತೆ. ಭೂಮಿ ಒಂದು ಸುತ್ತು ತಿರುಗೋ ಹೊತ್ತಿಗೆ ಚಂದ್ರನೂ ತನ್ನ ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿರ್ತಾನೆ, ಅವನನ್ನ ಹಿಡಿಯೋಕೆ ಅಷ್ಟು ಹೆಚ್ಚು ಹೊತ್ತು ಬೇಕು. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಲ್ಲಿ ನೀರು ತುಂಬಾ ಏರುತ್ತೆ, ತುಂಬಾ ಇಳಿಯುತ್ತೆ. ಅಷ್ಟಮಿಯ ಆಸುಪಾಸಲ್ಲಿ ಎರಡೂ ಮಂದ.

ಇಲ್ಲಿಗೆ ಬಂದ ಮೇಲೆ ನನಗಾದ ದೊಡ್ಡ ಬದಲಾವಣೆ ಇದೇ. ಗೋಡೆ ಗಡಿಯಾರದ ಜೊತೆಗೆ ಇನ್ನೊಂದು ಗಡಿಯಾರ ಮನೆಗೆ ಬಂತು. ನನ್ನ ಮೀಟಿಂಗ್, ನನ್ನ ಮೂಡ್, ಯಾವುದನ್ನೂ ಕೇಳದ ಗಡಿಯಾರ. ಸಂಜೆ ನಡೆಯೋಕೆ ಹೋಗ್ಬೇಕಂದ್ರೆ ಇವತ್ತು ಮರಳು ಸಿಗುತ್ತಾ ಅಂತ ಮೊದಲು ಕೇಳ್ಬೇಕು. ರಾತ್ರಿ ಮಲಗಿದಲ್ಲೇ ಗೊತ್ತಾಗುತ್ತೆ: ನೀರು ಏರಿದ್ರೆ ಅಲೆ ಹತ್ತಿರದಲ್ಲಿ ಬೀಳುತ್ತೆ, ಧಡ್ ಅಂತ ಒಂದು ಹೊಡೆತ, ಆಮೇಲೆ ಎಳೆತ. ಇಳಿದಿದ್ರೆ ದೂರದಲ್ಲಿ ಉದ್ದಕ್ಕೆ ಸುಂಯ್ ಅನ್ನೋ ಸದ್ದು ಮಾತ್ರ.

ಹಾಗಾಗಿ ‘ಶಾಂತ’ ಅನ್ನೋ ಪದ ನನಗೆ ಅಷ್ಟು ಸರಿ ಕಾಣಲ್ಲ. ಇಲ್ಲಿ ಸದ್ದು ನಿಲ್ಲೋದೇ ಇಲ್ಲ. ಮೊದಲ ತಿಂಗಳು ನನ್ನ ಹೆಂಡತಿಗೆ ನಿದ್ದೆ ಬರಲಿಲ್ಲ. ಈಗ ಊರಿಗೆ ಹೋದ್ರೆ ಬರಲ್ಲ.

ಸುಣ್ಣ ಬಣ್ಣ ಬೇಡ ಅಂದ್ರಲ್ಲ, ತುಕ್ಕಿನ ಪುರಾಣ ಆಮೇಲೆ ಬರೀತೀನಿ. ಅದು ದೊಡ್ಡದು.

ಹಗಲುಗನಸು

ಸದ್ದಿನ ಬಗ್ಗೆ ಒಂದು ಮಾತು, ನನ್ನ ಕೆಲಸವೇ ಧ್ವನಿ ರೆಕಾರ್ಡಿಂಗ್. ಅಲೆ ಒಡೆಯೋ ಸದ್ದಲ್ಲಿ ತಗ್ಗು ಸ್ವರದಿಂದ ಎತ್ತರದ ಸ್ವರದವರೆಗೆ ಎಲ್ಲ ಕಲಸಿಕೊಂಡಿರುತ್ತೆ. ಅದರೊಳಗೆ ಬಾಗಿಲು ಬಡಿದದ್ದು, ನಾಯಿ ಬೊಗಳಿದ್ದು ಮುಳುಗಿ ಹೋಗುತ್ತೆ. ನಮ್ಮನ್ನ ಬೆಚ್ಚಿಸೋದು ಸದ್ದಿಗಿಂತ ಹೆಚ್ಚಾಗಿ ಸದ್ದಿನ ಹಠಾತ್ ಬದಲಾವಣೆ. ಅಲೆ ಏರೋದು ಇಳಿಯೋದು ನಿಧಾನಕ್ಕೆ, ಅದರಲ್ಲಿ ಕಿವಿಗೆ ಬೆಚ್ಚೋ ಕಾರಣ ಸಿಗಲ್ಲ.

ಇನ್ನೊಂದು. ಮುಂದಿನ ಸಲ ಹೋದಾಗ ಒಂದು ಅಲೆ ಒಡೆದದ್ದಕ್ಕೂ ಮುಂದಿನದಕ್ಕೂ ಮಧ್ಯೆ ಎಷ್ಟು ಸೆಕೆಂಡು ಅಂತ ಎಣಿಸಿ. ನಾಲ್ಕೈದು ಸೆಕೆಂಡಾದ್ರೆ ಅದು ಅಲ್ಲೇ ಹತ್ತಿರದ ಗಾಳಿ ಎಬ್ಬಿಸಿದ ಅಲೆ. ಹನ್ನೆರಡು, ಹದಿನೈದು ಆಯ್ತು ಅಂದ್ರೆ ಎಲ್ಲೋ ದೂರದ ಬಿರುಗಾಳಿಯಲ್ಲಿ ಹುಟ್ಟಿ ಬಂದದ್ದು. 1963ರಲ್ಲಿ ವಾಲ್ಟರ್ ಮಂಕ್ ಅನ್ನೋ ವಿಜ್ಞಾನಿ ಮತ್ತು ಜೊತೆಗಾರರು ನ್ಯೂಜಿಲೆಂಡಿನಿಂದ ಅಲಾಸ್ಕಾದವರೆಗೆ ಅಳತೆ ಕೇಂದ್ರ ಇಟ್ಟು, ದಕ್ಷಿಣ ಸಾಗರದ ಬಿರುಗಾಳಿಯ ಅಲೆಗಳು ಪೆಸಿಫಿಕ್ ದಾಟಿ ಬರೋದನ್ನ ಹಿಂಬಾಲಿಸಿದ್ರು. ನಿಮ್ಮ ಹಿಮ್ಮಡಿ ಒದ್ದೆ ಮಾಡಿದ ಅಲೆ ಹೊರಟು ವಾರವೇ ಆಗಿರಬಹುದು. ನಾನಂತೂ ಅದಾದ ಮೇಲೆ ತೀರದಲ್ಲಿ ಮಾತಾಡೋದು ಬಿಟ್ಟು ಎಣಿಸ್ತಾ ಕೂರ್ತೀನಿ. ಜೊತೆಗೆ ಬಂದೋರು ಬೈತಾರೆ.

ದೋಣಿಮನೆ

ನಾನು ಹುಟ್ಟಿದ್ದೇ ಇಂಥ ತೀರದಲ್ಲಿ. ಅಪ್ಪ, ದೊಡ್ಡಪ್ಪ ಎಲ್ಲ ನೀರಿಗೆ ಹೋಗೋರು. ಒಂದು ಮಾತು ಹೇಳ್ತೀನಿ, ತಪ್ಪು ತಿಳೀಬೇಡಿ.

ನೀವೆಲ್ಲ ‘ಶಾಂತ’ ಅಂತ ಫೋಟೊ ಹಾಕೋ ಹೊತ್ತು ಅಂದ್ರೆ ನಮ್ಮವರು ದೋಣಿ ಮೇಲಕ್ಕೆಳೆದು ಕೈ ಕಟ್ಟಿ ಕೂತ ಹೊತ್ತು. ನಮ್ಮ ಕೆಲಸ ನಡೀತಿದ್ದ ಕಾಲದಲ್ಲಿ ಆ ತೀರ ಬೆಳಗಿನ ಜಾವ ಮೂರಕ್ಕೇ ಎದ್ದಿರ್ತಿತ್ತು. ರಾತ್ರಿ ನೆಲ ಬೇಗ ತಣ್ಣಗಾಗುತ್ತೆ, ನೀರು ಆಗಲ್ಲ, ಅದಕ್ಕೆ ಗಾಳಿ ನೆಲದಿಂದ ಸಮುದ್ರದ ಕಡೆ ಬೀಸುತ್ತೆ. ಹಾಯಿಯವರು ಆ ಗಾಳಿ ಹಿಡಿದು ಹೊರಡೋರು. ಹೊತ್ತೇರಿದ ಮೇಲೆ ನೆಲ ಕಾದು ಗಾಳಿ ತಿರುಗುತ್ತೆ, ಅದೇ ವಾಪಸ್ ತಂದು ಬಿಡೋದು. ಎಂಜಿನ್ ಬಂದ ಮೇಲೂ ದೊಡ್ಡಪ್ಪ ಅಂಗಳಕ್ಕೆ ಬಂದು ಕೆನ್ನೆ ಒಡ್ಡಿ ನೋಡದೆ ಹೊರಡ್ತಿರಲಿಲ್ಲ.

ಈಗ ಅಲ್ಲಿ ಮೂರರಲ್ಲಿ ಎರಡು ಮನೆ ಹೊರಗಿನವರದು. ವರ್ಷಕ್ಕೆ ಎರಡು ವಾರ ದೀಪ ಉರಿಯುತ್ತೆ. ಹೌದು, ಶಾಂತವಾಗಿದೆ. ಮಕ್ಕಳಿಲ್ಲದ ಶಾಲೆಯೂ ಶಾಂತವಾಗೇ ಇರುತ್ತೆ.

ಕಪ್ಪೆಚಿಪ್ಪು

@ದೋಣಿಮನೆ ನಿಮ್ಮ ಮಾತು ಎಲ್ಲ ಕಡೆಗೂ ಹೊಂದುತ್ತೆ. ಇಂಗ್ಲೆಂಡಿನ ಸೇಂಟ್ ಐವ್ಸ್ ಅನ್ನೋ ಕಡಲೂರಿನವರು 2016ರಲ್ಲಿ ಮತ ಹಾಕಿ, ಹೊಸದಾಗಿ ಕಟ್ಟೋ ಮನೆ ಕಾಯಂ ವಾಸಕ್ಕೇ ಇರಬೇಕು, ರಜೆಯ ಮನೆ ಆಗಕೂಡದು ಅಂತ ನಿಯಮ ತಂದ್ರು. ಹೊಸ ಮನೆ ಸಿಗದೆ ಹೊರಗಿನವರು ಹಳೇ ಮನೆಗಳಿಗೆ ಮುಗಿಬಿದ್ದರು ಅನ್ನೋ ದೂರೂ ಆಮೇಲೆ ಬಂತು.

ಆದ್ರೆ ಮರಳಕಾಲು ಅವರು ಕೇಳ್ತಿರೋದು ಹೋಗಿ ವಾಸ ಮಾಡೋದರ ಬಗ್ಗೆ. ವರ್ಷಪೂರ್ತಿ ದೀಪ ಹಚ್ಚೋರು ಒಬ್ಬರು ಹೆಚ್ಚಾದ್ರೆ ಊರಿಗೆ ನಷ್ಟವಾ?

ದೋಣಿಮನೆ

ನಷ್ಟ ಇಲ್ಲ. ಬಂದು ಮೂರನೇ ತಿಂಗಳಿಗೇ ‘ಈ ದೋಣಿ ಎಂಜಿನ್ನಿನ ಗಲಾಟೆ, ಈ ಬಲೆ ಒಣಗೋ ವಾಸನೆ’ ಅಂತ ಅರ್ಜಿ ಬರೆಯದೆ ಇದ್ರೆ. ಬರೆದೋರನ್ನ ನೋಡಿದ್ದೀನಿ, ಅದಕ್ಕೆ ಹೇಳಿದ್ದು.

ಬಿಳಿಕೋಟು

ವಾಸನೆ ಅಂದ್ರಲ್ಲ, ಜನ ‘ಸಮುದ್ರದ ಶುದ್ಧ ಗಾಳಿ, ಓಝೋನ್’ ಅಂತೆಲ್ಲ ಹೇಳ್ತಾರೆ. ಆ ವಾಸನೆ ಓಝೋನ್‌ದಲ್ಲ. ನೀರಲ್ಲಿರೋ ಸೂಕ್ಷ್ಮ ಪಾಚಿಯ ಅಂಶಗಳನ್ನ ಬ್ಯಾಕ್ಟೀರಿಯಾಗಳು ಒಡೆದಾಗ ಬರೋ ಡೈಮಿಥೈಲ್ ಸಲ್ಫೈಡ್ ಅದರಲ್ಲಿ ಮುಖ್ಯ. ಅಂದ್ರೆ ನಾವು ಎದೆ ತುಂಬಾ ಎಳೆದುಕೊಳ್ಳೋದು ಒಂದು ಥರ ಕೊಳೆತದ್ದರ ವಾಸನೆ. ಚೆನ್ನಾಗೇ ಇರುತ್ತೆ, ಅದು ಬೇರೆ ವಿಷಯ.

ಆರೋಗ್ಯದ ವಿಷಯಕ್ಕೆ ಬಂದ್ರೆ ಎರಡು ಮಾತು ಒಟ್ಟಿಗೆ ನೆನಪಿಡಬೇಕು. ಎಕ್ಸೆಟರ್ ವಿಶ್ವವಿದ್ಯಾಲಯದವರು ಇಂಗ್ಲೆಂಡಿನ 2001ರ ಜನಗಣತಿಯ ಮಾಹಿತಿ ಹಿಡಿದು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀರಕ್ಕೆ ಹತ್ತಿರ ಇರೋರು ‘ನನ್ನ ಆರೋಗ್ಯ ಚೆನ್ನಾಗಿದೆ’ ಅನ್ನೋದು ಸ್ವಲ್ಪ ಹೆಚ್ಚು ಅಂತ ಕಂಡಿತ್ತು. ವ್ಯತ್ಯಾಸ ಸಣ್ಣದು, ಬಡ ಪ್ರದೇಶಗಳಲ್ಲಿ ಸ್ವಲ್ಪ ಎದ್ದು ಕಾಣ್ತಿತ್ತು. ಅದೇ ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿ ಕ್ರಿಸ್ ವಿಟ್ಟಿ 2021ರ ವರದಿಯಲ್ಲಿ ಕಡಲೂರುಗಳ ಆರೋಗ್ಯ ದೇಶದಲ್ಲೇ ಕೆಟ್ಟದ್ದರ ಸಾಲಿಗೆ ಸೇರುತ್ತೆ ಅಂದ್ರು. ವಯಸ್ಸಾದವರು ಹೆಚ್ಚು, ಕೆಲಸ ಕಡಿಮೆ, ವೈದ್ಯರು ಬಂದು ನಿಲ್ಲಲ್ಲ.

ಎರಡೂ ನಿಜ ಇರೋಕೆ ಸಾಧ್ಯ. ಬಡತನ, ವಯಸ್ಸು ಇವನ್ನೆಲ್ಲ ಸರಿದೂಗಿಸಿ ನೋಡಿದ್ರೆ ಸಮುದ್ರ ಸ್ವಲ್ಪ ಒಳ್ಳೇದು ಮಾಡಿರಬಹುದು, ಆದ್ರೆ ಎದೆ ನೋವು ಬಂದ ರಾತ್ರಿ ನಿಮಗೆ ಬೇಕಾಗೋದು ಆಸ್ಪತ್ರೆ. ಮನೆ ನೋಡೋ ಮೊದಲು ಅಲ್ಲಿಂದ ತುರ್ತು ಚಿಕಿತ್ಸೆಗೆ ಎಷ್ಟು ನಿಮಿಷ ಅಂತ ರಾತ್ರಿ ಹೊತ್ತು ಗಾಡಿ ಓಡಿಸಿ ನೋಡಿ. ಹಗಲು ನೋಡಿದ್ದು ಲೆಕ್ಕಕ್ಕಿಲ್ಲ.

ಉಪ್ಪುಗಾಳಿ

ಬಿಳಿಕೋಟು ಹೇಳಿದ್ದಕ್ಕೆ ನನ್ನದೂ ಒಂದು ಸಹಿ. ನಮಗೆ ಐವತ್ತು ನಿಮಿಷ, ಮಳೆಯಲ್ಲಿ ಎಷ್ಟು ಅಂತ ಹೇಳಲ್ಲ.

ಸರಿ, ತುಕ್ಕಿನ ಪುರಾಣ. ಸಮುದ್ರದ ಒಂದು ಲೀಟರ್ ನೀರಲ್ಲಿ ಸುಮಾರು 35 ಗ್ರಾಂ ಉಪ್ಪು. ಅಲೆ ಒಡೆದಾಗ ಏಳೋ ಗುಳ್ಳೆಗಳು ಸಿಡಿದು ಆ ಉಪ್ಪು ಗಾಳಿಗೆ ಸೇರುತ್ತೆ, ಗಾಳಿ ತಂದು ಮನೆ ಮೇಲೆ ಹಚ್ಚುತ್ತೆ. ಕಿಟಕಿ ಗಾಜಿನ ಮೇಲೆ ಬೆರಳಾಡಿಸಿ ನಾಲಿಗೆಗೆ ಇಟ್ಟು ನೋಡಿ, ಗೊತ್ತಾಗುತ್ತೆ. ಉಪ್ಪು ಗಾಳಿಯ ತೇವ ಹೀರಿಕೊಂಡು ಕೂರೋದ್ರಿಂದ ಲೋಹ ಒಣಗೋದೇ ಇಲ್ಲ.

ನಾನು ಬಂದ ಹೊಸದರಲ್ಲಿ ಕಿಟಕಿ ಕೂರಿಸಿದವನು ಮಾಮೂಲಿ ಸ್ಕ್ರೂ ಹಾಕಿ ಹೋದ. ಎರಡೇ ವರ್ಷ. ಒಂದು ದಿನ ಕದ ತೆಗೆಯೋಕೆ ಹೋದ್ರೆ ಕದ ನನ್ನ ಕೈಗೇ ಬಂತು. ಸ್ಕ್ರೂ ಇದ್ದ ಜಾಗದಲ್ಲಿ ಕಂದು ಪುಡಿ. ಹುಬ್ಬು ಗಂಟಿಕ್ಕಿ ನೋಡಿದ್ರೆ ಹಿಂಜಿನದೂ ಅದೇ ಕಥೆ, ಪದರ ಪದರ ಎದ್ದು ಒಣಗಿದ ಎಲೆಯ ಹಾಗಾಗಿತ್ತು. ಅಂದಿನಿಂದ ಹೊರಗಿನ ಕೆಲಸಕ್ಕೆ ಸ್ಟೇನ್‌ಲೆಸ್ ಅಂದ್ರೆ 316 ದರ್ಜೆಯದೇ. ಅದರಲ್ಲಿ ಮಾಲಿಬ್ಡಿನಮ್ ಇರುತ್ತೆ, ಉಪ್ಪು ತಡೀತದೆ. 304 ಅಂತ ಕೊಡೋದಕ್ಕೆ ಕೆಲವೇ ತಿಂಗಳಲ್ಲಿ ಕಂದು ಕಲೆ ಬೀಳುತ್ತೆ.

ಸ್ಕ್ರೂ ಬದಲಾಯಿಸಬಹುದು. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ಉಪ್ಪು ತಲುಪಿದ್ರೆ ಅದು ಬೇರೆ ಲೆಕ್ಕ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತೆ, ಕಾಂಕ್ರೀಟನ್ನೇ ಒಳಗಿಂದ ಸೀಳುತ್ತೆ. ಹಳೇ ಮನೆ ಕೊಳ್ಳೋ ಮನಸ್ಸಿದ್ರೆ ಹೊಸ ಬಣ್ಣ ನೋಡಿ ಮರುಳಾಗಬೇಡಿ, ತಾರಸಿಯ ಕೆಳಭಾಗ, ಕಂಬದ ಮೂಲೆ ನೋಡಿ. ಉದ್ದಕ್ಕೆ ಗೆರೆ ಬಿಟ್ಟಿದ್ರೆ ಅಲ್ಲಿಂದ ನಮಸ್ಕಾರ ಹೇಳಿ ಬನ್ನಿ.

ಬಾವಿಕಟ್ಟೆ

ತುಕ್ಕಿಗಿಂತ ನೀರು ನೋಡಿ ಸ್ವಾಮಿ. ತೀರದ ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲ್ತಾ ಇರುತ್ತೆ, ಸಿಹಿನೀರು ಹಗುರ. ಗೈಬೆನ್-ಹರ್ಜ್‌ಬರ್ಗ್ ಅಂತ ಒಂದು ಹಳೇ ಲೆಕ್ಕ ಇದೆ: ಸಮುದ್ರಮಟ್ಟಕ್ಕಿಂತ ಮೇಲೆ 1 ಮೀಟರ್ ಸಿಹಿನೀರು ನಿಂತಿದ್ರೆ ಕೆಳಗೆ ಸುಮಾರು 40 ಮೀಟರ್ ಸಿಹಿನೀರಿರುತ್ತೆ. ಕೇಳೋಕೆ ಭಾರಿ ಖುಷಿ. ತಿರುಗಿಸಿ ನೋಡಿ: ಪಂಪು ಹಾಕಿ ಮೇಲೆ 1 ಮೀಟರ್ ಇಳಿಸಿದ್ರೆ ಕಾಲಕ್ರಮೇಣ ಕೆಳಗಿನ ಉಪ್ಪುನೀರು 40 ಮೀಟರ್ ಏರೋ ದಾರಿ ಹಿಡೀತದೆ. ಪಕ್ಕದಲ್ಲಿ ಒಂದು ದೊಡ್ಡ ಹೋಟೆಲ್ ಬಂದು ಬೋರ್ ಕೊರೆದ್ರೆ ನಿಮ್ಮ ಬಾವಿ ಕಥೆ ಮುಗೀತು. ಒಮ್ಮೆ ಉಪ್ಪಾದದ್ದು ಬೇಗ ಸಿಹಿಯಾಗಲ್ಲ.

ಬೇಸಿಗೆಯ ಕೊನೆಗೆ ಹೋಗಿ ಬಾವಿ ನೀರು ಕುಡಿದು ನೋಡಿ. ಮಳೆ ಮುಗಿದ ಮೇಲೆ ಎಲ್ಲ ಬಾವಿಯೂ ಅಮೃತವೇ.

ಈಜುಬಾರದವ

ಇಷ್ಟೆಲ್ಲ ಓದಿ ನಾನು ಬಾಲ್ಕನಿಯಲ್ಲೇ ಇರೋದು ಅಂತ ತೀರ್ಮಾನ ಮಾಡಿದೆ 😄

ತಮಾಷೆ ಬಿಡಿ, ಒಂದು ಪ್ರಶ್ನೆ. ಜನ ಇಲ್ಲದ ತೀರ ಅಂದ್ರೆ ಕಾವಲಿನವರೂ ಇಲ್ಲ. ನೀರಿಗಿಳಿಯೋದು ಹೇಗೆ? ನಾನು ಯಾವಾಗಲೂ ಅಲೆ ಜೋರಿಲ್ಲದ, ಸಪಾಟಾದ ಜಾಗ ನೋಡಿ ಇಳೀತೀನಿ.

ದೋಣಿಮನೆ

ಅಯ್ಯೋ. ದಯವಿಟ್ಟು ಅದನ್ನ ಮಾಡಬೇಡಿ.

ಎರಡೂ ಕಡೆ ಅಲೆ ಬೆಳ್ಳಗೆ ಒಡೀತಿದ್ದು, ಮಧ್ಯೆ ಒಂದು ಓಣಿಯಂಥ ಜಾಗದಲ್ಲಿ ಮಾತ್ರ ಒಡೆಯದೆ ಸಪಾಟಾಗಿ, ಸ್ವಲ್ಪ ಕಪ್ಪಾಗಿ ಕಾಣ್ತಿದ್ರೆ ಅದು ತೀರಕ್ಕೆ ಬಂದ ನೀರು ವಾಪಸ್ ಹೋಗೋ ದಾರಿ. ಅಲ್ಲಿ ಆಳ ಹೆಚ್ಚು, ಅದಕ್ಕೇ ಅಲೆ ಒಡೆಯಲ್ಲ. ಆ ಸೆಳೆತ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್ ಮೀರುತ್ತೆ, ಒಲಿಂಪಿಕ್ ಈಜುಗಾರನೂ ಅದರ ಎದುರು ಈಜಲಾರ. ಹೊಸಬರು ಹುಡುಕಿಕೊಂಡು ಹೋಗಿ ಇಳಿಯೋದು ಅಲ್ಲಿಗೇ, ನೋಡೋಕೆ ಸೌಮ್ಯ ಅಂತ.

ಸಿಕ್ಕಿಬಿದ್ರೆ ತೀರದ ಕಡೆ ಈಜಬೇಡಿ, ಸುಸ್ತಾಗಿ ಮುಳುಗ್ತೀರಿ. ತೀರಕ್ಕೆ ಸಮಾನಾಂತರವಾಗಿ ಅಡ್ಡಕ್ಕೆ ಈಜಿ ಓಣಿಯಿಂದ ಆಚೆ ಬನ್ನಿ, ಆಮೇಲೆ ಒಡೆಯೋ ಅಲೆ ಜೊತೆ ದಡಕ್ಕೆ. ಆಗದಿದ್ರೆ ಅಂಗಾತ ತೇಲಿ, ಕೈ ಎತ್ತಿ ಕೂಗಿ. ಸೆಳೆತ ನೀರಡಿಗೆ ಎಳೆಯಲ್ಲ, ದೂರಕ್ಕೆ ಎಳೆಯುತ್ತೆ. ಈಜು ಬಾರದವರು ಮೊಣಕಾಲಿಗಿಂತ ಮೇಲೆ ಹೋಗೋದೇ ಬೇಡ, ಅದೂ ಒಬ್ಬರೇ ಇದ್ದಾಗ ಬೇಡವೇ ಬೇಡ.

ಇನ್ನೊಂದನ್ನೂ ಹೇಳಿಬಿಡ್ತೀನಿ. ಇಂಡೋನೇಷ್ಯಾದ ಸಿಮೆಲುಯೆ ದ್ವೀಪದಲ್ಲಿ 1907ರ ಸುನಾಮಿ ಆದಾಗಿನಿಂದ ‘ಸ್ಮಾಂಗ್’ ಅನ್ನೋ ಮಾತು ಅಜ್ಜಿಯರ ಬಾಯಲ್ಲಿ ಉಳಿದಿತ್ತು: ಜೋರಾಗಿ ನೆಲ ನಡುಗಿ, ನೀರು ಹಿಂದೆ ಸರಿದ್ರೆ ಗುಡ್ಡಕ್ಕೆ ಓಡು. 2004ರ ಡಿಸೆಂಬರ್ 26ರಂದು ಭೂಕಂಪದ ಕೇಂದ್ರಕ್ಕೆ ಅಷ್ಟು ಹತ್ತಿರ ಇದ್ದೂ ಅಲ್ಲಿ ಸತ್ತವರು ಬೆರಳೆಣಿಕೆಯಷ್ಟು. ತೀರದಲ್ಲಿ ಮನೆ ಮಾಡೋರು ಮೊದಲ ದಿನವೇ ಎತ್ತರದ ಜಾಗ ಯಾವುದು, ದಾರಿ ಎಲ್ಲಿಂದ ಅಂತ ನಡೆದು ನೋಡಿರಬೇಕು.

ಹಿಂದಿರುಗಿದವಳು

ನಾನು ಮೂರೂವರೆ ವರ್ಷ ಇದ್ದು ವಾಪಸ್ ಬಂದವಳು. ತುಕ್ಕು, ಬಾವಿ ಇವೆಲ್ಲಕ್ಕೂ ಒಗ್ಗಿಕೊಂಡಿದ್ದೆ. ನನ್ನನ್ನ ಸೋಲಿಸಿದ್ದು ಸಂಜೆ ಆರರಿಂದ ಒಂಬತ್ತು.

ಹಗಲಲ್ಲಿ ಸಮುದ್ರ ಜೊತೆಗಿರುತ್ತೆ. ಬಣ್ಣ ಬದಲಾಯಿಸ್ತಾ ಇರುತ್ತೆ, ಹಕ್ಕಿ ಬರ್ತವೆ, ಯಾವುದೋ ದೋಣಿ ಹೋಗುತ್ತೆ. ಕತ್ತಲಾದ ಮೇಲೆ ಅದು ಬರೀ ಸದ್ದು. ಎದುರಿಗೆ ಅಷ್ಟು ದೊಡ್ಡದೊಂದು ಇದೆ ಅಂತ ಗೊತ್ತು, ಕಾಣಲ್ಲ. ಆ ಮೂರು ಗಂಟೆಯಲ್ಲಿ ಒಬ್ಬರಾದ್ರೂ ಬಾಗಿಲು ತಟ್ಟಿ ‘ಏನ್ರೀ’ ಅನ್ನಬೇಕು ಅನ್ನಿಸ್ತಿತ್ತು. ಒಂದೇ ಒಂದು ಸಂಜೆ ಮಾತ್ರ ಬೇರೆ. ಒಡೆಯೋ ಅಲೆಯಲ್ಲೆಲ್ಲ ನೀಲಿ ಬೆಳಕು. ಕಾಲಿಟ್ಟಲ್ಲಿ ಮಿಣುಕು. ನಾಕ್ಟಿಲ್ಯೂಕಾ ಅನ್ನೋ ಒಂದೇ ಕೋಶದ ಜೀವಿ, ನೀರು ಕದಡಿದಾಗ ಹೊಳೆಯುತ್ತೆ ಅಂತ ಆಮೇಲೆ ಓದಿದೆ. ಹೊರಗೆ ಓಡಿ ಬಂದು ಯಾರನ್ನಾದ್ರೂ ಕರೀಬೇಕು ಅಂತ ಸುತ್ತ ನೋಡಿದೆ. ಎಂಟು ಮನೆ, ಎಂಟಕ್ಕೂ ಬೀಗ. ಒಬ್ಬಳೇ ನಿಂತು ನೋಡಿದೆ, ಅಳು ಬಂತು. ಚೆಂದಕ್ಕೋ ಬೇಸರಕ್ಕೋ ಇವತ್ತಿಗೂ ಹೇಳಲಾರೆ. ಮುಂದಿನ ತಿಂಗಳು ಸಾಮಾನು ಕಟ್ಟಿದೆ.

@ಮರಳಕಾಲು ನೀವು ಒಬ್ಬರೇನಾ?

ಕಪ್ಪೆಚಿಪ್ಪು

ಇದನ್ನ ಓದಿ ಸುಮ್ಮನೆ ಕೂತೆ ಸ್ವಲ್ಪ ಹೊತ್ತು.

ತೀರವೇ ಅಲ್ಲಿ ಇರುತ್ತಾ ಅನ್ನೋದೂ ನೋಡಬೇಕಲ್ವಾ. 1901ರಿಂದ 2018ರೊಳಗೆ ಜಗತ್ತಿನ ಸರಾಸರಿ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಇಂಗ್ಲೆಂಡಿನ ಹೋಲ್ಡರ್‌ನೆಸ್ ಕರಾವಳಿ ಮೆತ್ತನೆ ಜೇಡಿಮಣ್ಣಿನದು, ವರ್ಷಕ್ಕೆ ಸರಾಸರಿ 2 ಮೀಟರಿನಷ್ಟು ಕುಸೀತಿದೆ. ಕಲ್ಲಿನ ಗೋಡೆ ಕಟ್ಟಿದ್ರೆ ಆ ಮನೆ ಉಳಿಯುತ್ತೆ, ಮುಂದಿನ ಮರಳು ಹೋಗುತ್ತೆ, ಕೊರೆತ ಪಕ್ಕದವನ ಅಂಗಳಕ್ಕೆ ದಾಟುತ್ತೆ. ಹಳೇ ಉಪಗ್ರಹ ಚಿತ್ರ ತೆಗೆದು ಇವತ್ತಿನದರ ಪಕ್ಕ ಇಟ್ಟು ನೋಡಿ, ಹತ್ತು ನಿಮಿಷದ ಕೆಲಸ.

ಮರಳಕಾಲು

ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಎಲ್ಲ ಎರಡೆರಡು ಸಲ ಓದಿದೆ.

@ಹಿಂದಿರುಗಿದವಳು ಹೌದು, ಒಬ್ಬನೇ. ನಾನು ಹೋಗಿದ್ದು ಒಂಬತ್ತು ದಿನ, ಅದರಲ್ಲಿ ಸಂಜೆಗಳೆಲ್ಲ ಪಕ್ಕದ ಮನೆಯ ಮುದುಕರೊಬ್ಬರ ಜೊತೆ ಬಲೆ ಹೊಲಿಯೋದು ನೋಡ್ತಾ ಕಳೆದವು. ನೀವು ಕೇಳಿದ ಮೇಲೆ ಹೊಳೀತು, ಅವರಿಲ್ಲದ ಒಂದು ಸಂಜೆಯನ್ನೂ ನಾನು ಅಲ್ಲಿ ಕಂಡಿಲ್ಲ.

ಏಡಿ ನೋಡ್ತಾ ಕೂತಿದ್ದು ರಜೆಯ ಗುಂಗು ಇರಬಹುದು. ಆದ್ರೆ ಆ 50 ನಿಮಿಷ ನನ್ನ ತಲೆಯಿಂದ ಹೋಗ್ತಿಲ್ಲ. ಇಲ್ಲಿ ಎಲ್ಲವೂ ನಾನು ಒತ್ತಿದ ಕೂಡಲೇ ಬರುತ್ತೆ, ಬಂದದ್ದು ಯಾವುದೂ ಬೇಕಾಗಿರಲ್ಲ.

ಸದ್ಯಕ್ಕೆ ಕೊಳ್ಳೋ ಮಾತಿಲ್ಲ. ಗಾಳಿ ಮಳೆ ಜೋರಿರೋ ಎರಡು ತಿಂಗಳು ಅದೇ ಕಡೆ ಬಾಡಿಗೆಗೆ ಇರ್ತೀನಿ. ಮುದುಕರಿಗೆ ಫೋನ್ ಮಾಡಿದ್ದೆ, ‘ಆಗ ಬಂದು ಏನು ನೋಡ್ತೀಯ’ ಅಂತ ನಕ್ಕರು. ಮನೆ ಮಾತ್ರ ನೋಡಿ ಇಟ್ಟಿದ್ದಾರಂತೆ, ಬೀಗ ತೆಗೆಯೋಕೆ ಆಗ್ತಿಲ್ಲವಂತೆ, ಎರಡು ವರ್ಷದಿಂದ ಯಾರೂ ಇಲ್ಲದೆ ಒಳಗೇ ಹಿಡಿದುಕೊಂಡಿದೆ.

ಉಪ್ಪುಗಾಳಿ

ಒಡೀಬೇಡಿ ಅನ್ನಿ. ತುಕ್ಕು ಬಿಡಿಸೋ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಲಿ, ಬೆಳಿಗ್ಗೆ ಕೀಲಿ ಹಾಕಿ ಮೆಲ್ಲಗೆ ಹಿಂದೆ ಮುಂದೆ ಆಡಿಸಲಿ. ಬಿಟ್ಟುಕೊಂಡ್ರೆ ಸರಿ, ಇಲ್ಲಾಂದ್ರೆ ಇನ್ನೊಂದು ರಾತ್ರಿ. ನೀವು ಹೋಗುವಾಗ ಹಿತ್ತಾಳೆಯ ಬೀಗ ಒಂದು ತಗೊಂಡು ಹೋಗಿ.